ಎರಡು ಸಲ ಬೆಂದದ್ದು

ಬಂಡೆಪ್ಪ ಟೋಸ್ಟನ್ನು ಮುರಿದ. ಒಳಗಿನಿಂದ ಚಿನ್ನದ ಉಂಗುರವೊಂದು ಜಾರಿ ಗಾಜಿನ ಕಪಾಟಿನ ಮೇಲೆ ಠಣ್ಣೆಂದು ಬಿತ್ತು. ಉರುಳುತ್ತ ಬಂದು ಕೃಷ್ಣಾಬಾಯಿಯವರ ಕೈಚೀಲಕ್ಕೆ ತಾಗಿ ನಿಂತಿತು.



"ನೋಡಿದ್ರ್ಯಾ ಮಾಮಾ?" ಬಂಡೆಪ್ಪ ಬೀದಿಗೆ ಕೇಳುವಂತೆ ಕೂಗಿದ. "ಬೆಳಗ್ಗಿಂದ ಹೇಳಾಕತ್ತೀನಿ, ಉಂಗುರ ಈ ಮನೀ ಬಿಟ್ಟು ಹೋಗಿಲ್ಲ ಅಂತ. ಸಿಕ್ತಲ್ಲ! ಯಾರ ಪೊಟ್ಟಣದಾಗ? ಶಿವದೇವಿ ಪೊಟ್ಟಣದಾಗ! ಹೊಟ್ಟೀಗೆ ಹಾಕಿದ ಮನೀಗೇ ಕನ್ನ ಹಾಕ್ಯಾಳ, ಕಳ್ಳಿ!"

ಶಿವದೇವಿ ಕಪಾಟಿನ ಆಚೆ ನಿಂತಿದ್ದಳು. ಮನೆಗೆ ಹೊರಟವಳು, ಸೆರಗು ಸುತ್ತಿಕೊಂಡು ಪೊಟ್ಟಣಕ್ಕೆ ಕೈ ಚಾಚಿದ್ದಳು. ಆ ಕೈ ಹಾಗೆಯೇ ಉಳಿಯಿತು.

"ನಾ ತಗೊಂಡಿಲ್ರೀ ಯಜಮಾನ್ರ," ಎಂದಳು. "ನನಗೇನೂ ಗೊತ್ತಿಲ್ರಿ."

ಕೋಠಿ ಪೇಟೆಯ ಸಂಜೆಯ ಜನ ಮೆಟ್ಟಿಲ ಬಳಿ ನೆರೆಯತೊಡಗಿತು. "ಏಮಯಿಂದಂಡಿ?" ಏನಾಯಿತೆಂದು ತೆಲುಗಿನಲ್ಲಿ ಕೇಳುತ್ತ ಒಬ್ಬ ಇಣುಕಿದ. "ಚೋರಿ," ಎಂದು ಇನ್ನೊಬ್ಬ ಉತ್ತರ ಕೊಟ್ಟೇಬಿಟ್ಟ. ವಿಚಾರಣೆ ಇನ್ನೂ ಆರಂಭವಾಗಿರಲಿಲ್ಲ, ಬೀದಿ ಆಗಲೇ ತೀರ್ಪು ಬರೆದಿತ್ತು. ಬಡವಳ ಮೇಲೆ ಆರೋಪ ಬಿದ್ದಾಗ ಜನಕ್ಕೆ ಸಾಕ್ಷ್ಯ ಬೇಕಾಗುವುದಿಲ್ಲ, ಕೂಗು ಸಾಕಾಗುತ್ತದೆ.

ಅಂಗಡಿಯ ಒಡೆಯ, ಬಂಡೆಪ್ಪನ ಭಾವ ಕಲ್ಯಾಣಪ್ಪನವರು ಉಂಗುರವನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಬೀದರಿನ ಕಡೆಯಿಂದ ಬಂದು ಈ ಬೇಕರಿಯನ್ನು ಕಟ್ಟಿದ ಅವರ ತಂದೆಯ ಉಂಗುರ ಅದು. ಅವರ ಕಣ್ಣು ತುಂಬಿತ್ತು. ಸಿಕ್ಕಿತೆಂಬ ಸಂತೋಷವೋ, ಸಿಕ್ಕಿದ ಜಾಗದ ನೋವೋ, ಹೇಳಲಾರೆ.

"ಶಿವದೇವಿ," ಎಂದರು, "ನೀ ಕೇಳಿದ್ರ ಕೊಡ್ತಿದ್ದೆನಲ್ಲವಾ, ಏನು ಅಡಚಣಿ ಇತ್ತೋ ಅದಕ್ಕ."

"ಕೇಳೋದೇನ್ರಿ ಮಾಮಾ! ಠಾಣೇಕ್ಕ ಹೇಳಿಕಳಸ್ರಿ," ಎಂದ ಬಂಡೆಪ್ಪ.

ಆಗ ಕೃಷ್ಣಾಬಾಯಿಯವರು ತಮ್ಮ ಚಹದ ಬಸಿಯನ್ನು ಕೆಳಗಿಟ್ಟರು.

"ಠಾಣೆ ಎಲ್ಲಿಗೂ ಓಡಿಹೋಗೂದಿಲ್ಲ ಬಂಡೆಪ್ಪ. ಆ ಟೋಸ್ಟಿನ ತುಂಡು ಎರಡೂ ಹಿಂಗ ಕೊಡ್ರಿ. ಬಿಸಾಕಬ್ಯಾಡ್ರಿ."

*

ಕೃಷ್ಣಾಬಾಯಿಯವರು ನಮ್ಮ ಕನ್ನಡ ಶಾಲೆಯಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಾನು ಅದೇ ಶಾಲೆಯಲ್ಲಿ ಇತಿಹಾಸ ಹೇಳುವ ಮಾಸ್ತರ. ಸೋಮವಾರ ಸಂಜೆ ಕೋಠಿಯ ಹಳೆಯ ಪುಸ್ತಕದ ಸಾಲನ್ನು ಸುತ್ತಿ, ಕಲ್ಯಾಣಪ್ಪನವರಲ್ಲಿ ಟೋಸ್ಟು ಕೊಂಡು, ಅವರು ತರಿಸಿಕೊಡುವ ಇರಾನಿ ಚಹಾ ಕುಡಿದು ನಮ್ಮ ಮನೆಗಳಿರುವ ಬಡೀಚೌಡಿಗೆ ಮರಳುವುದು ನಮ್ಮಿಬ್ಬರ ರೂಢಿ. ಶಿವದೇವಿ ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿ. ಗಂಡ ತೀರಿಕೊಂಡ ಮೇಲೆ ಇಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿ ಅತ್ತೆಯನ್ನೂ ಮಗಳನ್ನೂ ಸಾಕುತ್ತಿದ್ದಳು. ಕೋಠಿಯ ಅಂಗಡಿ ಸಾಲಿನಲ್ಲಿ ಒಮ್ಮೆ ಕಳ್ಳಿ ಎನಿಸಿಕೊಂಡವಳಿಗೆ ಮತ್ತೊಂದು ಅಂಗಡಿಯ ಬಾಗಿಲು ತೆರೆಯದು. ಅವಳ ಅನ್ನವೂ ಮಾನವೂ ಆ ಗಾಜಿನ ಕಪಾಟಿನ ಮೇಲೆ ಒಟ್ಟಿಗೆ ಬಿದ್ದಿದ್ದವು.

ಉಂಗುರ ಕಳೆದ ಸಂಗತಿ ನಮಗೆ ಬಂದ ಕೂಡಲೇ ತಿಳಿದಿತ್ತು. ಶ್ರಾವಣದ ಸೋಮವಾರಗಳಂದು ಕಲ್ಯಾಣಪ್ಪನವರು ಮಿಂದು, ವಿಭೂತಿ ಧರಿಸಿ, ದಿನದ ಮೊದಲ ಹಿಟ್ಟನ್ನು ತಾವೇ ನಾದುತ್ತಾರೆ. ಅವರ ತಂದೆ ಹಾಕಿಕೊಟ್ಟ ಪದ್ಧತಿ. ಹಿಟ್ಟು ಮುಟ್ಟುವ ಮುಂಚೆ ಉಂಗುರ ತೆಗೆದು ನಾದುವ ಕೋಣೆಯ ಹೊರಗಿನ ಗೂಡಿನಲ್ಲಿ ಇಡುತ್ತಾರೆ. ಆ ದಿನ ಕೈ ತೊಳೆದು ಬಂದು ನೋಡಿದರೆ ಗೂಡು ಖಾಲಿ. ಕೆಲಸದವರೆಲ್ಲ ನೀರಿಗೆ ಹೋಗುವ ದಾರಿ ಅದು. ಯಾರು ಬೇಕಾದರೂ ಕೈ ಹಾಕಬಹುದಿತ್ತು.

ಆದರೆ ಟೋಸ್ಟು ಮುರಿಯುವ ಮುಂಚೆ ನಾವು ಮಾತಾಡುತ್ತಿದ್ದುದು ಉಂಗುರದ ಬಗ್ಗೆ ಅಲ್ಲ, ಒಂದು ಶಬ್ದದ ಬಗ್ಗೆ. ಕಲ್ಯಾಣಪ್ಪನವರ ಮನಸ್ಸನ್ನು ಬೇರೆಡೆ ಸೆಳೆಯಲೆಂದು ಕೃಷ್ಣಾಬಾಯಿಯವರೇ ಅದನ್ನು ಎತ್ತಿದ್ದರು.

"ಕಲ್ಯಾಣಪ್ಪನವರ, ನಿಮ್ಮ ಬೋರ್ಡಿನ ಮ್ಯಾಲ 'ಬಿಸ್ಕೆಟ್' ಅಂತ ಬರಸೀರಿ. ಆ ಶಬ್ದದ ಅರ್ಥ ಗೊತ್ತದ ಏನು?"

"ಅರ್ಥ ಏನ್ರಿ ಬಾಯಾರ? ಚಹಾದಾಗ ಅದ್ದಿ ತಿನ್ನೂದು. ಅದಕ್ಕೂ ಅರ್ಥ ಇರತೈತ್ರ್ಯಾ?"

"ಇರತದ. ಲ್ಯಾಟಿನ್ನಿನ್ಯಾಗ 'ಬಿಸ್' ಅಂದ್ರ ಎರಡು ಸಲ. 'ಕೋಕ್ಟುಸ್' ಅಂದ್ರ ಬೆಂದದ್ದು. ಎರಡು ಸಲ ಬೆಂದ ರೊಟ್ಟಿ. ಅದು ಫ್ರೆಂಚರ ಬಾಯಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂತು. ಹಡಗಿನವರು ತಿಂಗಳುಗಟ್ಟಲೆ ಸಮುದ್ರದ ಮ್ಯಾಲ ಇರೋರು. ಒಮ್ಮೆ ಬೆಂದ ರೊಟ್ಟಿಗೆ ಬೂಸ್ಟು ಹಿಡೀತದ. ಅದಕ ಮತ್ತೊಮ್ಮೆ ಭಟ್ಟಿಗೆ ಹಾಕಿ, ಒಳಗಿನ ನೀರೆಲ್ಲಾ ಆರಿಸಿ ಒಯ್ಯೋರು. ಕಲ್ಲಿನಂಗ ಇರ್ತಿತ್ತಂತ, ಆದರ ಕೆಡ್ತಿದ್ದಿಲ್ಲ."

"ನಮ್ಮ ಬಿಸ್ಕೀಟು ಒಮ್ಮೆ ಅಷ್ಟ ಬೇಯಿಸೋದ್ರಿ!"

"ಅದಕ್ಕ ಕೇಳಿದೆ. ಒಮ್ಮೆ ಬೆಂದದ್ದಕ್ಕ ಎರಡು ಸಲ ಬೆಂದದ್ದು ಅಂತ ಹೆಸರು. ಖರೇನ ಎರಡು ಸಲ ಬೇಯೂದು ನಿಮ್ಮ ಟೋಸ್ಟು. ಅದಕ್ಕ ಆ ಹೆಸರಿಲ್ಲ. ಜಗತ್ತಿನ್ಯಾಗ ಹೆಸರು ಒಬ್ಬರಿಗೆ, ದುಡಿತ ಇನ್ನೊಬ್ಬರಿಗೆ."

ಕಲ್ಯಾಣಪ್ಪನವರು ಬೆಳಗಿನಿಂದ ಮೊದಲ ಬಾರಿಗೆ ನಕ್ಕಿದ್ದರು. "ಹಂಗಾರ ಬೋರ್ಡ್ ತಿದ್ದಸೂನೇನ್ರಿ ಮಾಸ್ತರ?" ಎಂದು ನನ್ನತ್ತ ತಿರುಗಿದ್ದರು.

"ಬೋರ್ಡಿಗಿಂತ ಮೊದಲ ಟೋಸ್ಟ್ ತಿದ್ದಸ್ರಿ," ಎಂದಿದ್ದರು ಕೃಷ್ಣಾಬಾಯಿಯವರು. "ಹೋದ ವಾರ ಒಯ್ದದ್ದು ಕಮಟು ವಾಸನಿ ಬರ್ತಿತ್ತು. ನಿಮ್ಮ ಅಂಗಡಿ ಸರಕು ಹಂಗ ಎಂದೂ ಇದ್ದಿಲ್ಲ."

"ಡಾಲ್ಡಾ ಚಲೋ ಬಂದಿಲ್ಲ ಅಂತ ಬಂಡೆಪ್ಪ ಅಂದ್ರಿ."

ಅಷ್ಟರಲ್ಲಿ ಬಂಡೆಪ್ಪ ಕೆಲಸದವರ ಮುರುಕಿನ ಪೊಟ್ಟಣಗಳನ್ನು ತಂದು ಕಪಾಟಿನ ಮೇಲೆ ಸಾಲಾಗಿ ಇಟ್ಟ. ಅಂಚು ಒಡೆದ, ಆಕಾರ ಕೆಟ್ಟ ಟೋಸ್ಟುಗಳನ್ನು ಮಾರುವುದಿಲ್ಲ. ಸಂಜೆ ಕೆಲಸದವರು ಮನೆಗೆ ಒಯ್ಯುತ್ತಾರೆ. ಪ್ರತಿ ಪೊಟ್ಟಣದ ಮೇಲೂ ಅವರವರ ಹೆಸರು. "ಇವತ್ತು ತಪಾಸ ಮಾಡೇ ಕೊಡಾವ," ಎಂದು ಬಂಡೆಪ್ಪ ಶಿವದೇವಿಯ ಪೊಟ್ಟಣವನ್ನೇ ಮೊದಲು ಬಿಚ್ಚಿದ. ಮುಂದಿನದನ್ನು ಓದುಗರು ಬಲ್ಲರು.

*

ಕೃಷ್ಣಾಬಾಯಿಯವರು ಮುರಿದ ತುಂಡುಗಳನ್ನು ಕಾಗದದ ಮೇಲೆ ಇಟ್ಟುಕೊಂಡು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಬೆಳಕಿಗೆ ಹಿಡಿದರು. ಮೂಸಿದರು.

"ದತ್ತೂ, ನೋಡು. ಏನು ಕಾಣ್ತದ?"

ನಾನು ನೋಡಿದೆ. ಟೋಸ್ಟಿನ ಒಂದು ಅಂಚಿನಿಂದ ಒಳಕ್ಕೆ ಚಾಕುವಿನಿಂದ ಸೀಳಿದ ಗುರುತು. ಉಂಗುರ ಕುಳಿತಿದ್ದ ಜಾಗದಲ್ಲಿ ದುಂಡನೆಯ ತಗ್ಗು.

"ಸೀಳಿ ಒಳಗಿಟ್ಟಾರ," ಎಂದೆ. "ಹಿಟ್ಟಿನಾಗ ತಪ್ಪಿ ಬಿದ್ದದ್ದಲ್ಲ."

"ಅಷ್ಟ ಕಾಣ್ತೇನು?"

"ಅಷ್ಟ."

"ಹೂಂ," ಎಂದು ಅವರು ಶಿವದೇವಿಯತ್ತ ತಿರುಗಿದರು. "ಶಿವದೇವಿ, ಅಳಬ್ಯಾಡ. ಕೇಳಿದ್ದಕ್ಕ ಉತ್ತರ ಕೊಡು. ಇವತ್ತು ನಿನ್ನ ಕೈಗೆ ಟೋಸ್ಟ್ ಯಾವಾಗ ಬಂತು?"

"ಭಟ್ಟಿಯಿಂದ ಬಂದು ಆರಿದ ಮ್ಯಾಲ್ರಿ ಟೀಚರ್, ಮಧ್ಯಾಹ್ನ ಊಟ ಆದ ಮ್ಯಾಲ. ಪ್ಯಾಕ್ ಮಾಡೂ ಕೋಣಿಗೆ ತಗಡಿನ ಸಮೇತ ತಂದು ಕೊಡ್ತಾರ್ರಿ."

"ಅದಕ್ಕಿಂತ ಮುಂಚೆ?"

"ನಮ್ಮನ್ನ ಭಟ್ಟಿ ಕಡೆ ಬಿಡಂಗಿಲ್ರಿ. ಮುಂಜಾನೆಲ್ಲಾ ನಾ, ಸೂಗಮ್ಮ, ಇಬ್ರೂ ಕೂಡಿ ಬನ್ ಕಟ್ಟಾಕತ್ತಿದ್ವಿರಿ."

"ಮುರುಕಿನ ಪೊಟ್ಟಣ ಎಲ್ಲಿ ಇಟ್ಟಿದ್ದಿ?"

"ಗ್ವಾಡೀ ಮಾಡದ ಮ್ಯಾಲ್ರಿ. ಎಲ್ಲಾರವೂ ಅಲ್ಲೇ ಇರ್ತಾವ್ರಿ."

"ಹೋಗೂ ಬರೂವರ ಕೈಗೆ ನಿಲುಕ್ತಾವೇನು?"

"ನಿಲುಕ್ತಾವ್ರಿ."

ಬಂಡೆಪ್ಪ ನಕ್ಕ. "ಬಾಯಾರ, ಸಾಲಿ ಪರೀಕ್ಷಾ ನಡಿಸೀರೇನು? ಕೈಗೆ ಟೋಸ್ಟ್ ಬಂತು, ಸೀಳಿದ್ಲು, ಉಂಗುರ ತುರುಕಿದ್ಲು, ಪೊಟ್ಟಣದಾಗ ಹಾಕಿದ್ಲು. ಇದಕ್ಕ ಇಂಗ್ಲಿಷ್ ಕಲತಿರಬೇಕೇನ್ರಿ?"

"ಬ್ಯಾಡ. ಆದರ ಬೇಕರಿ ಕೆಲಸ ಕಲತಿರಬೇಕು. ನಿಮಗ ಬರ್ತದೇನು?"

"ನನಗ ಬರದ ಕೆಲಸ ಈ ಬೇಕರಿಯಾಗ ಯಾವುದೈತ್ರಿ?"

"ಹಂಗಾರ ಹೇಳ್ರಿ. ಇವತ್ತಿನ ಟೋಸ್ಟಿನ ಬ್ರೆಡ್ಡು ಎಂದಿಂದು?"

"ನಿನ್ನೆ ಸಂಜೀದು. ಬಿಸಿ ಬ್ರೆಡ್ಡು ಕೊಯ್ಯಾಕ ಬರೂದಿಲ್ಲ, ಚಾಕೂಗೆ ಮೆತ್ತತೈತಿ. ರಾತ್ರೆಲ್ಲಾ ಆರಬೇಕು. ಮುಂಜಾನೆ ಕೊಯ್ದು, ತಗಡಿನ ಮ್ಯಾಲ ಹಾಸಿ, ಮತ್ತ ಭಟ್ಟಿಗೆ ಕೊಡೂದು."

"ದಿನಾ ಕೊಯ್ಯೋರು ಯಾರು?"

"ಗುರುಸಿದ್ದಪ್ಪ."

ಭಟ್ಟಿಯ ಮೇಸ್ತ್ರಿ ಗುರುಸಿದ್ದಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ಕಪ್ಪಿಟ್ಟಿತು. "ಬಾಯಾರ, ಶ್ರಾವಣ ಸೋಮಾರ ನಾ ಕೊಯ್ಯಂಗಿಲ್ರಿ," ಎಂದ. "ಯಜಮಾನ್ರ ಜೋಡಿ ಪೂಜಾಕ್ಕ ಕುಂದರ್ತೀನಿ. ಅವರು ನಾದತಾರ, ನಾ ನೀರು ಹಾಕ್ತೀನಿ. ಭಟ್ಟಿಗೆ ಹೋದದ್ದು ಮಧ್ಯಾಹ್ನ, ಹೊಸ ಬ್ರೆಡ್ಡು ಹಾಕಾಕ."

"ಖರೆ," ಎಂದರು ಕಲ್ಯಾಣಪ್ಪನವರು. "ನನ್ನ ಬಾಜೂಕ್ಕ ಇದ್ದ. ಉಂಗುರ ಹೋತು ಅಂತ ಇಬ್ರೂ ಕೂಡೇ ಹುಡುಕೀವಿ."

"ಮತ್ತ ಇವತ್ತು ಕೊಯ್ದವರು?"

"ನಾ ಕೊಯ್ದೆ," ಎಂದ ಬಂಡೆಪ್ಪ. ಅವನ ದನಿಯಲ್ಲಿ ಅಂಜಿಕೆಯ ಲವಲೇಶವೂ ಇರಲಿಲ್ಲ. "ನಾನ ಕೊಯ್ದೆ, ನಾನ ಹಾಸಿದೆ, ಭಟ್ಟಿಗೂ ನಾನ ಕೊಟ್ಟೆ. ಇವರೆಲ್ಲಾ ಪೂಜಿ ಅಂತ ಕುಂತ್ರ ಕೆಲಸ ಯಾರು ಮಾಡಬೇಕ್ರಿ? ಉಂಗುರ ಹೋದ ಹೊತ್ತಿನಾಗ ಕೊಯ್ಯೂ ಕೋಣಿ ಬಾಗಿಲಾ ಹಾಕ್ಕೊಂಡು ಒಳಗ ಇದ್ದೆ."

"ಸಹಾಯಕ್ಕ ಯಾರಿದ್ರು?"

"ಒಂದು ನರಪಿಳ್ಳಿ ಸೈತ ಬಂದಿಲ್ಲ. ಕೀಲಿಕೈ ನನ್ನ ಉಡದಾರದಾಗ ಇರತೈತಿ. ಟೋಸ್ಟ್ ಭಟ್ಟಿಗೆ ಹೋಗೂತನಾ ಮತ್ಯಾರೂ ಮುಟ್ಟಿಲ್ಲ."

"ಮತ್ಯಾರೂ ಮುಟ್ಟಿಲ್ಲ?"

"ಮುಟ್ಟಿಲ್ಲ ಅಂದ್ನೆಲ್ಲ!"

"ಭಾಳ ಚಲೋ ಆತು," ಎಂದರು ಕೃಷ್ಣಾಬಾಯಿಯವರು. ತಪ್ಪು ಉತ್ತರ ಕೊಟ್ಟ ವಿದ್ಯಾರ್ಥಿಯನ್ನು ಅವರು ಎಂದೂ ಗದರಿದವರಲ್ಲ. ಇನ್ನೊಮ್ಮೆ ಹೇಳಿಸುತ್ತಿದ್ದರು, ಅಷ್ಟೆ.

*

"ಕಲ್ಯಾಣಪ್ಪನವರ, ಇವತ್ತಿನ ಟೋಸ್ಟ್ ಒಂದು ಪ್ಯಾಕ್ ಒಡೀರಿ. ಒಂದು ಚಾಕು ಕೊಡ್ರಿ, ಭಾಳ ಹರಿತ ಇರೂದು."

ಎರಡೂ ಬಂದವು. ಅವರು ಅವನ್ನು ಬಂಡೆಪ್ಪನ ಮುಂದೆ ಸರಿಸಿದರು.

"ಶಿವದೇವಿ ಮಾಡ್ಯಾಳ ಅಂದ್ರೆಲ್ಲ, ಹಂಗ ಮಾಡಿ ತೋರಸ್ರಿ. ಅಂಚಿನಿಂದ ಒಳಗ ಸೀಳಬೇಕು. ಉಂಗುರ ಹೋಗೂ ಅಷ್ಟು."

"ಇದೇನು ಚೇಷ್ಟೇರಿ?"

"ಚೇಷ್ಟೆ ಅಲ್ಲ. ನಿಮಗ ಬರದ ಕೆಲಸ ಇಲ್ಲಲ್ಲ?"

ಮೆಟ್ಟಿಲ ಮೇಲಿನ ಜನ ಇನ್ನಷ್ಟು ಹತ್ತಿರ ಬಂತು. ಬಂಡೆಪ್ಪ ಚಾಕು ಎತ್ತಿದ. ಮೊದಲ ಟೋಸ್ಟಿಗೆ ಮೊನೆ ತಾಗಿತು, ಚಟ್ಟೆಂದು ಎರಡಾಯಿತು. ಇನ್ನೊಂದು ಪುಡಿಯಾಯಿತು. ಮತ್ತೊಂದನ್ನು ಅಂಗೈಯಲ್ಲಿ ಮೆಲ್ಲಗೆ ಹಿಡಿದು ಕೊರೆದ, ಅದೂ ನಿಲ್ಲಲಿಲ್ಲ. "ವಾಹ್ ಉಸ್ತಾದ್!" ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು.

"ಗುರುಸಿದ್ದಪ್ಪ, ನಿನಗ ಸಾಧ್ಯ ಆದೀತೇನು?"

"ಯಾರಿಗೂ ಆಗಂಗಿಲ್ರಿ. ಎರಡನೇ ಸಲ ಬೆಂದ ಮ್ಯಾಲ ಅದು ಹಪ್ಪಳ ಇದ್ದಂಗ್ರಿ. ಸೀಳೂದಿದ್ರ ಮೊದಲ ಸೀಳಬೇಕು, ಮೆತ್ತಗ ಇದ್ದಾಗ."

ಆ ಮಾತು ಕೇಳಿ ನಾನು ಕಾಗದದ ಮೇಲಿನ ತುಂಡಿನತ್ತ ಬಾಗಿದೆ.

ಕೃಷ್ಣಾಬಾಯಿಯವರು ಕಾಗದದ ಮೇಲಿನ ತುಂಡನ್ನು ಎತ್ತಿ ಹಿಡಿದರು. "ದತ್ತೂ, ನೀ ಸೀಳು ನೋಡಿದಿ, ಅದರ ಬಣ್ಣ ನೋಡಲಿಲ್ಲ. ಕಲ್ಯಾಣಪ್ಪನವರ, ನೀವು ನೋಡ್ರಿ. ಈ ಕಡೆ ಬಂಡೆಪ್ಪ ಈಗ ಮುರಿದ ಜಾಗ. ಹೆಂಗದ?"

"ಬೆಳ್ಳಗ ಐತ್ರಿ."

"ಇದು ಸೀಳಿದ ಜಾಗ. ಸೀಳಿನ ಒಳಗಿನ ಗ್ವಾಡಿ?"

ಕಲ್ಯಾಣಪ್ಪನವರು ಕಣ್ಣು ಕಿರಿದು ಮಾಡಿದರು. "ಕೆಂಪಗ ಐತ್ರಿ. ಮ್ಯಾಲಿನ ಮೈ ಹೆಂಗ ಬೆಂದೈತಿ, ಹಂಗ."

"ಅಂದ್ರ ಈ ಸೀಳು ಭಟ್ಟಿ ಕಂಡದ. ಉಂಗುರ ಒಳಗ ಕುಂತು ಸೀಳನ್ನ ಅಗಲ ಮಾಡಿತ್ತು. ಬಿಸಿ ಒಳಗ ಹೋಗಿ ಅದರ ಗ್ವಾಡಿನೂ ಕೆಂಪಾತು. ಬ್ರೆಡ್ಡು ಮೊದಲ ಸಲ ಬೆಂದದ್ದು ನಿನ್ನೆ ಸಂಜೆ. ಆಗ ಉಂಗುರ ನಿಮ್ಮ ಬೆರಳಿನ್ಯಾಗ ಇತ್ತು; ಹಿಟ್ಟಿನ್ಯಾಗ ಬೀಳಾಕ ಸಾಧ್ಯ ಇಲ್ಲ. ಎರಡನೇ ಸಲ ಬೆಂದು ಶಿವದೇವಿ ಕೈಗೆ ಬಂದ ಮ್ಯಾಲ ಸೀಳಾಕ ಸಾಧ್ಯ ಇಲ್ಲ. ಬಂಡೆಪ್ಪನವರೇ ಈಗ ಎಲ್ಲಾರ ಎದುರಿಗೆ ತೋರಿಸಿಕೊಟ್ರು. ಉಳಿದದ್ದು ಒಂದೇ ಹೊತ್ತು, ಎರಡು ಬೇಯುವಿಕೆಯ ನಡುವಿಂದು. ಉಂಗುರ ಗೂಡಿನಿಂದ ಹೋದ ಮ್ಯಾಲ, ತಗಡು ಭಟ್ಟಿಗೆ ಹೋಗೂದಕ್ಕಿಂತ ಮುಂಚೆ. ಆ ಹೊತ್ತಿನ್ಯಾಗ ಬಾಗಿಲಾ ಹಾಕ್ಕೊಂಡು ಒಳಗ ಯಾರಿದ್ರು?"

 ಉತ್ತರವನ್ನು ಬಂಡೆಪ್ಪನೇ ಕೊಟ್ಟಾಗಿತ್ತು. ತಾನು ನಿರಪರಾಧಿ ಎಂದು ಸಾಧಿಸಲು ಅವನು ಎದೆ ತಟ್ಟಿ ಹೇಳಿದ ಮಾತೇ ಅವನ ತಪ್ಪೊಪ್ಪಿಗೆಯಾಗಿ ನಿಂತಿತ್ತು.

"ಉಂಗುರ ಕದ್ದವರು ನೀವು, ಬಂಡೆಪ್ಪ. ಇಟ್ಟುಕೊಳ್ಳಾಕಲ್ಲ, ಈಕಿ ತಲೀಗೆ ಕಟ್ಟಾಕ. ಬೆಂದ ಮ್ಯಾಲ ಆ ಟೋಸ್ಟ್ ಎತ್ತಿ, ಮಾಡದ ಮ್ಯಾಲಿದ್ದ ಈಕಿ ಪೊಟ್ಟಣಕ್ಕ ಹಾಕಿದ್ರಿ. ಅದಕ್ಕ ಇಷ್ಟು ಪೊಟ್ಟಣದಾಗ ಈಕಿಂದೇ ಮೊದಲ ಬಿಚ್ಚಿದ್ರಿ. ಅಷ್ಟು ಮುರುಕಿನ್ಯಾಗ ಉಂಗುರ ಇದ್ದ ಟೋಸ್ಟನ್ನೇ ಎತ್ತಿ ಮುರಿದ್ರಿ."

"ಸುಳ್ಳು!" ಬಂಡೆಪ್ಪನ ದನಿ ಒಡೆಯಿತು. "ಮಾಮಾ, ನಿಮ್ಮ ಹೇಣ್ತಿ ತಮ್ಮ ನಾನು! ಈ ಹೆಂಗಸಿನ ಜೋಡಿ ನನಗೇನು ಹಗೀರಿ?"

"ಅದನ್ನ ಆಕಿನ್ನ ಕೇಳೂಣು," ಎಂದರು ಕೃಷ್ಣಾಬಾಯಿಯವರು. "ಶಿವದೇವಿ, ಹೋದ ವಾರದ ಟೋಸ್ಟ್ ಯಾಕ ಕಮಟು ಇತ್ತು?"

ಶಿವದೇವಿ ತಲೆ ತಗ್ಗಿಸಿದಳು. ಬಳಿಕ ಎತ್ತಿದಳು.

"ಸಿಕಂದರಾಬಾದ್ ಕಡೆ ಅಂಗಡಿಯಾವರು ಮಾರದ ಸರಕು ವಾಪಸ್ ಕಳಸ್ತಾರ್ರಿ. ಮೊದಲು ಅದನ್ನ ಚೆಲ್ತಿದ್ರು. ಈಗ ಇವರು ಚೀಲ ಕಟ್ಟಿ ಕೊಯ್ಯೂ ಕೋಣ್ಯಾಗ ಬಚ್ಚಿಟ್ಟು, ಮೇಸ್ತ್ರಿ ಪೂಜಾಕ್ಕ ಕುಂತಾಗ ಮತ್ತ ಭಟ್ಟಿಗೆ ಕೊಟ್ಟು, ಹೊಸದರಾಗ ಕಲಿಸಿ ನನ್ನ ಕಡೆ ಕಟ್ಟಸ್ತಿದ್ರು. ಹೋದ ವಾರ ತಿಳೀಲಾರದೆ ಕಟ್ಟಿದೆ. ವಾಸನಿ ಬಂದ ಮ್ಯಾಲ, ಇನ್ನ ಕಟ್ಟೂದಿಲ್ಲ ಅಂದೆ. ಜ್ವರ ಬಂದ ಕೂಸುಗೋಳು, ಬಾಣಂತೇರು ತಿನ್ನೂ ಪದಾರ್ಥರಿ ಇದು. ಇವತ್ತು ಸಂಜೀಕ ಯಜಮಾನ್ರಿಗೆ ಹೇಳ್ತೀನಿ ಅಂತ ಇವರಿಗೇ ಅಂದಿದ್ದೆ."

"ಮತ್ತ ಈಗ ಯಾಕ ಬಾಯಿ ಬಿಡಲಿಲ್ಲವಾ?" ಎಂದರು ಕಲ್ಯಾಣಪ್ಪನವರು.

"ನೀವ ಹೇಳ್ರಿ ಯಜಮಾನ್ರ. ಕಳ್ಳಿ ಅನ್ನಿಸಿಕೊಂಡಾಕಿ ಮಾತು ಯಾರು ನಂಬ್ತಾರ?"

 ಬಂಡೆಪ್ಪ ಲೆಕ್ಕ ಹಾಕಿದ್ದು ಅದನ್ನೇ. ಸತ್ಯ ಹೇಳುವ ಬಾಯಿಯನ್ನು ಮುಚ್ಚಿಸಬೇಕಾಗಿಲ್ಲ, ಅದಕ್ಕೆ ಮಸಿ ಬಳಿದರೆ ಸಾಕು ಎಂದು ಅವನಿಗೆ ಗೊತ್ತಿತ್ತು.

"ಎರಡು ಸಲ ಬೇಯಿಸೂದು ಕೆಡಬಾರದಂತ," ಎಂದರು ಕೃಷ್ಣಾಬಾಯಿಯವರು. "ಮೂರನೇ ಸಲ ಬೇಯಿಸೂದು ಕೆಟ್ಟದ್ದು ಕಾಣಬಾರದಂತ. ಬಿಸ್ಕೆಟ್ ಅನ್ನೂ ಶಬ್ದಕ್ಕ ಇದ್ದದ್ದು ಒಂದೇ ಮಾನ. ಅದನ್ನೂ ನೀವು ಕಳದ್ರಿ."

ಗುರುಸಿದ್ದಪ್ಪ ಮಾತಿಲ್ಲದೆ ಬಂಡೆಪ್ಪನ ಮುಂದೆ ಕೈ ಚಾಚಿದ. ಕೀಲಿಕೈ ಬಂತು. ಅವನು ಒಳಗೆ ಹೋಗಿ, ಎಳೆದುಕೊಂಡು ಬಂದ ಚೀಲವನ್ನು ಕಲ್ಯಾಣಪ್ಪನವರ ಕಾಲ ಬಳಿ ಬಿಚ್ಚಿದ. ಕಮಟು ವಾಸನೆ ಅಂಗಡಿಯನ್ನೆಲ್ಲ ತುಂಬಿತು.

ಕಲ್ಯಾಣಪ್ಪನವರು ಬಗ್ಗಿ ಚೀಲದ ಬಾಯಿ ಮುಚ್ಚಿದರು. ಆಮೇಲೆ ದನಿ ತಗ್ಗಿಸಿ ಅಂದರು: "ಬಾಯಾರ, ತಪ್ಪಾತು. ಎಲ್ಲಾರೂ ಒಳಗ ನಡೀರಿ. ಒಳಗ ಕುಂತು ಮಾತಾಡಿ ಮುಗಿಸೂಣು. ಮನೀ ಮರ್ಯಾದಿ ಐತಿ."

"ಈಕಿಗೆ ಕಳ್ಳಿ ಅಂದದ್ದು ಒಳಗೇನು?"

ಕಲ್ಯಾಣಪ್ಪನವರು ತಂದೆಯ ಉಂಗುರವನ್ನು ಬೆರಳಿಗೆ ಹಾಕಲು ಹೋದವರು ಹಾಕದೆ ಮುಷ್ಟಿಯಲ್ಲಿ ಹಿಡಿದರು. ಮೆಟ್ಟಿಲಿಗೆ ಬಂದು, ಡಬಲ್ ಡೆಕ್ಕರ್ ಬಸ್ಸಿನ ಸದ್ದನ್ನೂ ಮೀರುವ ದನಿಯಲ್ಲಿ, ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ, ಆಮೇಲೆ ಉರ್ದುವಿನಲ್ಲಿ ಹೇಳಿದರು: ಶಿವದೇವಿ ಕದ್ದಿಲ್ಲ, ಕದ್ದವನು ನನ್ನ ಮನೆಯವನು, ಅವಳನ್ನು ಅನುಮಾನಿಸಿದ ತಪ್ಪು ನನ್ನದು.

ನಂತರ ಬಂಡೆಪ್ಪನ ರಟ್ಟೆ ಹಿಡಿದರು. "ನೀನ ಅಂದಿ ಅಲ್ಲ, ಠಾಣೇಕ್ಕ ಹೋಗೂಣು ಅಂತ. ನಡಿ."

*

ಮುಂದಿನ ಭಾನುವಾರ ಬೆಳಗ್ಗೆಯೇ ನಾವು ಮತ್ತೆ ಹೋದೆವು. ಕೊಯ್ಯುವ ಕೋಣೆಯ ಉಸ್ತುವಾರಿಯನ್ನು ಶಿವದೇವಿಗೆ ಒಪ್ಪಿಸಿ ಕೀಲಿಕೈ ಕೊಡಲು ಹೋದರೆ ಅವಳು ಮುಟ್ಟಲಿಲ್ಲವೆಂದು ಕಲ್ಯಾಣಪ್ಪನವರು ಹೇಳಿದರು.

"ಏನಂದಳು?" ಎಂದು ಕೇಳಿದೆ.

"ಕೀಲಿ ಬ್ಯಾಡ್ರಿ, ಆ ಬಾಗಿಲಾನ ತಗಸ್ರಿ ಅಂದ್ಳು ಮಾಸ್ತರ."

ಅಂಗಡಿಯಿಂದಲೇ ಕಾಣುತ್ತಿತ್ತು. ಬಾಗಿಲಿದ್ದ ಕಡೆ ಬರೀ ಚೌಕಟ್ಟು. ಅದರಾಚೆ ಗುರುಸಿದ್ದಪ್ಪ ಬ್ರೆಡ್ಡು ಕೊಯ್ಯುತ್ತಿದ್ದ. ಶಿವದೇವಿ ಒಂದೊಂದೇ ಹೋಳನ್ನು ಎತ್ತಿ, ಹಿಂದು ಮುಂದು ನೋಡಿ, ತಗಡಿನ ಮೇಲೆ ಹಾಸುತ್ತಿದ್ದಳು. ನಮ್ಮನ್ನು ಕಂಡು ಅಲ್ಲಿಂದಲೇ ಕೂಗಿದಳು:

"ಟೀಚರ್, ಚಹಾ ತರಸ್ತೀನಿ, ಕುಂದರ್ರಿ. ಟೋಸ್ಟ್ ಸದ್ಯಕ್ಕ ಒಂದ ಸಲ ಅಷ್ಟ ಬೆಂದೈತಿ!"